ಕಟ್ಟದೆ ಬಿಟ್ಟ ಗಂಟು

ಆ ದಿನವೂ ಎದ್ದ ಕೂಡಲೇ ಅಂಗಳಕ್ಕೆ ನೀರು ಹಾಕಿದೆ. ಬೇಸಿಗೆಯಲ್ಲಿ ರಾಯಚೂರಿನ ನೆಲ ನೀರು ಕುಡಿಯುವ ಸದ್ದು ಕೇಳಿಸುತ್ತದೆ, ಸುಣ್ಣದ ಕಲ್ಲಿಗೆ ನೀರು ಹೊಯ್ದ ಹಾಗೆ. ಬಟ್ಟಲಲ್ಲಿ ರಂಗೋಲಿ ಪುಡಿ ಸ್ವಲ್ಪವೇ ಇತ್ತು. ನಾಲ್ಕು ಎಳೆ ಎಳೆದು ಬಿಟ್ಟೆ. ಇದ್ದಿಲ ಒಲೆ ಹೊತ್ತಿಸಿ ಹಾಲಿಟ್ಟೆ. ನಮ್ಮವರ ಶೇರ್ವಾನಿಯ ಮೂರನೆಯ ಗುಂಡಿ ಸಡಿಲಾಗಿತ್ತು, ಹಾಲು ಕಾಯುವುದರೊಳಗೆ ಅದನ್ನು ಹೊಲಿದೆ. ಅವರು ಅದಾಲತ್ತಿನಲ್ಲಿ ಗುಮಾಸ್ತರು. ಬೇಸಿಗೆಯಲ್ಲಿ ಕಚೇರಿ ಬೆಳಿಗ್ಗೆಯೇ ಶುರು. ಅವರು ಹೋದ ಮೇಲೆ ಬಾಗಿಲು ಮುಂದೆ ಮಾಡಿ ಒಳಗೆ ಬಂದರೆ ಹಿತ್ತಲ ಕಡೆಯಿಂದ ನೀಲಮ್ಮ ಬಂದು ನಿಂತಿದ್ದಳು, ಕೈಯಲ್ಲಿ ಹಿತ್ತಾಳೆಯ ಸಣ್ಣ ಬಟ್ಟಲು. ನೀಲಮ್ಮ ಹಿಂದಿನ ಮನೆಯವಳು, ಅಕ್ಕಿ ಗಿರಣಿಯವರ ಸೊಸೆ.

"ಹೆಪ್ಪು ಕೊಡ್ರಿ ಅಕ್ಕಾರ, ನಮ್ಮ ಮೊಸರು ಬಿಸಲಿಗಿ ಹುಳಿ ಹಿಡದುಹೋತು" ಅಂದಳು. ನಾನು ಹೆಪ್ಪು ಹಾಕುತ್ತಿರುವಾಗಲೇ, "ಅಂದಂಗ, ಹೂವಿನವ್ವ ಹೋದಳಂತ್ರಿ. ಬೆಳಗ್ಗೆ ನೀರು ಸೇದಾಕ ಹೋದಾಕಿ, ಬಾವಿಕಟ್ಟಿಗಿ ಒರಗಿ ಕುಂತಾಕಿ ಏಳಲೇ ಇಲ್ಲಂತ" ಅಂದಳು.

ನಾನು ಬಟ್ಟಲು ಅವಳ ಕೈಗೆ ಕೊಟ್ಟೆ. ಹಾಲು ಉಕ್ಕುವುದರಲ್ಲಿತ್ತು, ಇಳಿಸಿದೆ.

"ಪುಣ್ಯವಂತಿ. ಮುತ್ತೈದಿಯಾಗಿ ಹೋದಳು. ಗಂಡ ಶ್ರೀಶೈಲದಾಗ ಸನ್ಯಾಸಿ ಆಗಿದ್ರೂ ಜೀವಂತ ಅದಾನಲ್ರೀ? ತಲಿಗಿ ದಂಡಿ ಕಟ್ಟಿ, ಉಡಿ ತುಂಬಿ ಕಳಸಬೇಕಂತ ಓಣಿ ಹೆಣ್ಮಕ್ಕಳೆಲ್ಲ ಮಾತಾಡೀವಿ. ಆಕಿ ಕಟ್ಟೂ ದಂಡಿ ನಿಮ್ಮನ್ನ ಬಿಟ್ರ ಯಾರಿಗಿ ಬರ್ತದ? ಮಧ್ಯಾಹ್ನ ಎತ್ತತಾರ. ಅಷ್ಟರಾಗ ಮಾಡಿಕೊಡ್ರಿ."

"ಆಗಲಿ" ಅಂದೆ. ಅವಳು ಹೋದ ಮೇಲೆ ಹಾಲಿಗೆ ತಟ್ಟೆ ಮುಚ್ಚಿದೆ. ಅಳು ಬರಲಿಲ್ಲ. ಒಲೆಯಿಂದ ಹಾರಿದ ಬೂದಿ ಸೀರೆಯ ನೆರಿಗೆಯ ಮೇಲೆ ಕೂತಿತ್ತು, ಅದನ್ನು ಕೊಡವಿದೆ.

ಹೂವಿನವ್ವ ಅನ್ನುವುದು ಓಣಿ ಕೊಟ್ಟ ಹೆಸರು. ಅವಳಿಗೆ ತಂದೆತಾಯಿ ಇಟ್ಟ ಹೆಸರು ನನಗೆ ಗೊತ್ತಿದೆ, ಬರೆಯುವುದಿಲ್ಲ. ಬರೆದರೆ ಯಾವ ಮನೆಯವರು ತಮ್ಮ ಮಗಳ ಮದುವೆ ನೆನೆಸಿಕೊಂಡು ಏನು ಯೋಚಿಸುತ್ತಾರೋ. ಹೂಗಾರರ ಮನೆಯ ಹೆಣ್ಣುಮಗಳು. ಗುಡಿಗೆ ಹೂವು ಪತ್ರಿ ಕೊಡುವ ಕೆಲಸ ಮೈದುನನದು. ಮದುವೆಯ ಹೂವು ಇವಳದು. ನಾನು ಹದಿನೇಳು ವರ್ಷಕ್ಕೆ ಈ ಊರಿಗೆ ಸೊಸೆಯಾಗಿ ಬಂದಾಗ ಅವಳಿಗೆ ನಲವತ್ತು ದಾಟಿತ್ತೇನೋ. ತೆಳ್ಳಗಿನ ದೇಹ, ಎರಡೂ ಕೈತುಂಬ ಹಸಿರು ಗಾಜಿನ ಬಳೆ, ಹಣೆಯ ಮೇಲೆ ವಿಭೂತಿಯ ನಡುವೆ ಸಾಸಿವೆಯಷ್ಟೇ ಕುಂಕುಮ. ಅಷ್ಟು ಸಣ್ಣ ಕುಂಕುಮವನ್ನು ನಾನು ಬೇರೆ ಯಾವ ಮುತ್ತೈದೆಯ ಹಣೆಯಲ್ಲೂ ನೋಡಿರಲಿಲ್ಲ. ಆಗ ಅದನ್ನು ಅಚ್ಚುಕಟ್ಟು ಅಂದುಕೊಂಡಿದ್ದೆ.

ನಮ್ಮ ತಂದೆ ರೈಲ್ವೆಯಲ್ಲಿದ್ದುದರಿಂದ ನಾನು ಓದಿದ್ದು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ. ಅಲ್ಲಿ ಶನಿವಾರ ಮಧ್ಯಾಹ್ನ ಒಬ್ಬರು ವಯಸ್ಸಾದ ಮದರ್ ನಮಗೆ ಹೂದಾನಿಯಲ್ಲಿ ಹೂವು ಇಡುವುದನ್ನು ಕಲಿಸುತ್ತಿದ್ದರು. ಒಂದು ಹೂವಿಗೂ ಇನ್ನೊಂದಕ್ಕೂ ನಡುವೆ ಜಾಗ ಬಿಡಬೇಕು, ಕಣ್ಣು ಅಲ್ಲಿ ಸ್ವಲ್ಪ ಕೂತು ಮುಂದೆ ಹೋಗಬೇಕು ಅನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಾನು ಒಂದು ತಾಮ್ರದ ಚೆಂಬಿನಲ್ಲಿ ಮೂರು ಕಣಗಿಲೆ ಹೂವು ಹಾಗೆ ಇಟ್ಟಿದ್ದೆ. ಹೂವಿನವ್ವ ಬಂದವಳು ಚೆಂಬಿನ ಸುತ್ತ ಒಂದು ಸುತ್ತು ಹಾಕಿ ನೋಡಿದಳು.

"ಇದೇನ್ರಿ ಅಮ್ಮಾರ, ಹೂವು ಹಿಂಗ ದೂರ ದೂರ ಕುಂತಾವ? ಜಗಳಾಡಿದಾವೇನು?"

ನನಗೆ ನಗು ತಡೆಯಲಿಲ್ಲ. ನಮ್ಮ ಸ್ನೇಹ ಶುರುವಾದದ್ದು ಅಲ್ಲಿಂದ.

ಅವತ್ತು ಅವಳು ಬಂದದ್ದು ಹೊಸ ಸೊಸೆ ಬಂದ ಮನೆಗೆ ಲೋಳೆಸರ ಕಟ್ಟಲು. ಬೇರು ಸಮೇತ ಕಿತ್ತ ಗಿಡವನ್ನು ದಾರದಿಂದ ಬಿಗಿದು ತಲೆಕೆಳಗಾಗಿ ಬಾಗಿಲ ಮೇಲೆ ತೂಗುಹಾಕಿದಳು. ಮಣ್ಣಿಲ್ಲದೆ, ನೀರಿಲ್ಲದೆ ಅದು ಅಲ್ಲೇ ಬದುಕುತ್ತದೆ. ವರ್ಷ ಕಳೆದರೆ ತುದಿ ಮೇಲಕ್ಕೆ ಬಾಗಿ ಹೊಸ ಎಲೆ ಬಿಡುತ್ತದೆ. ತಾನು ದಂಡೆ ಕಟ್ಟಿದ ಮದುಮಗಳು ಹೋದ ಮನೆಗೆಲ್ಲ ಅವಳೇ ಒಂದು ಲೋಳೆಸರ ಕಳಿಸುತ್ತಿದ್ದಳು. ಆಮೇಲೆ ಆ ಓಣಿಯಲ್ಲಿ ಹಾದು ಹೋಗುವಾಗೆಲ್ಲ ಮನೆಯವರನ್ನು ಮಾತಾಡಿಸುವ ಮುಂಚೆ ತಲೆಯೆತ್ತಿ ಬಾಗಿಲ ಮೇಲೆ ನೋಡುವುದು. "ಎಲಿ ಬಿಟ್ಟದ, ಹುಡುಗಿ ನೆಲಿ ನಿಂತಾಳ" ಅಂದು ಮುಂದೆ ನಡೆಯುವುದು.

ಮನೆಯವರು ಕೊಟ್ಟ ಅರಿಷಿಣ ಕುಂಕುಮವನ್ನು ಅವಳು ಹಣೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. "ಕೈಯಾಗ ಹೂವಿನ ರಸ ಅದ" ಅಂದು, ಬೆರಳಲ್ಲಿ ತೆಗೆದುಕೊಂಡು ತೂಗುತ್ತಿದ್ದ ಲೋಳೆಸರದ ಬೇರಿಗೆ ಹಚ್ಚಿ ಹೊರಡುತ್ತಿದ್ದಳು. ಇದನ್ನು ನಾನು ನಮ್ಮ ಮನೆಯಲ್ಲಿ ನೋಡಿದೆ, ಇನ್ನೂ ನಾಲ್ಕಾರು ಮನೆಯಲ್ಲಿ ನೋಡಿದೆ. ಅವಳ ಪದ್ಧತಿ ಇರಬೇಕು ಅಂದುಕೊಂಡೆ.

ದಂಡೆ ಅಂದರೆ ಮದುಮಗಳ ಹಣೆಯ ಮೇಲಿಂದ ತುರುಬಿನ ಹಿಂದಕ್ಕೆ ಸುತ್ತಿ ಬರುವ ಹೂವಿನ ಪಟ್ಟಿ. ಅದನ್ನು ಮುತ್ತೈದೆಯೇ ಕಟ್ಟಬೇಕು. ಗಂಡ ಸತ್ತವಳ ಕೈ ಅದಕ್ಕೆ ತಾಗಿದರೆ ಮದುಮಗಳ ಸೌಭಾಗ್ಯಕ್ಕೆ ಕೇಡು ಅನ್ನುವುದು ಈ ಸೀಮೆಯ ನಂಬಿಕೆ. ಓದಿದ ನಾನು ಅದನ್ನು ನಂಬುತ್ತೇನೋ ಇಲ್ಲವೋ ಅದು ಬೇರೆ ಮಾತು. ನಮ್ಮ ಅತ್ತೆಯವರು ನಂಬುತ್ತಿದ್ದರು, ನೀಲಮ್ಮ ನಂಬುತ್ತಾಳೆ, ಹೂವಿನವ್ವನೂ ನಂಬುತ್ತಿದ್ದಳು.

ಅವಳ ಕೆಲಸದ ರೀತಿಯೇ ಬೇರೆ. ಮದುವೆ ಮನೆಗೆ ಹೋದರೆ ಮೊದಲು ಹುಡುಗಿಯನ್ನು ನೋಡುತ್ತಿರಲಿಲ್ಲ, ಹಿತ್ತಲು ನೋಡುತ್ತಿದ್ದಳು. ಆಮೇಲೆ ಓಣಿ, ಆಮೇಲೆ ಊರ ಹೊರಗಿನ ಬೇಲಿ. ವೈಶಾಖದ ಬಿಸಿಲಲ್ಲಿ ಏನು ಬದುಕಿದೆಯೋ ಅದೇ ಅವಳ ಹೂವು. ದುಂಡುಮಲ್ಲಿಗೆ ಇದ್ದರೆ ಸರಿ, ಇಲ್ಲದಿದ್ದರೆ ಕಣಗಿಲೆ, ಕಕ್ಕೆಯ ಹಳದಿ ಗೊಂಚಲು, ರಸ್ತೆ ಬದಿಯ ತಂಗಡಿ ಹೂ, ಬೇವಿನ ಹೂವಿನ ಸಣ್ಣ ಎಸಳು. ಬೇವನ್ನು ಮದುವೆಗೆ ಯಾರು ಮುಡಿಯುತ್ತಾರೆ ಅಂದರೆ, "ಆಕಿ ಹುಟ್ಟಿದಾಗಿಂದ ಇದರ ನೆಳ್ಳಾಗ ಆಡ್ಯಾಳ. ನಾಳಿ ಬ್ಯಾರೆ ಊರಿಗಿ ಹೋಗಾಕಿ. ಗುರ್ತಿನ ಹೂವು ಒಂದರೆ ಜೋಡಿಗಿ ಹೋಗಲಿ" ಅನ್ನುತ್ತಿದ್ದಳು.

ಹೂವಿನಷ್ಟೇ ಅವಳಿಗೆ ನೀರು ತುಂಬಿದ ಎಲೆಗಳು ಬೇಕು. ಬುಟ್ಟಿಯ ತಳಕ್ಕೆ ಸೀಳಿದ ಲೋಳೆಸರ, ಅದರ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಹೂವು. ದಂಡೆಯಲ್ಲಿ ನಾಲ್ಕು ಹೂವಿಗೊಂದು ಕಾಡುಬಸಳೆಯ ದಪ್ಪ ಎಲೆ. ಅದು ಹೂವಿಗೆ ಒತ್ತಾಗಿ ತಂಪು ಕೊಡುತ್ತದೆ, ಬೆಳಕು ಬಿದ್ದರೆ ಅರಗು ಹಚ್ಚಿದ ಹಾಗೆ ಹೊಳೆಯುತ್ತದೆ. ಹಂದರದ ಕಂಬಕ್ಕೆ ಮಂಗರವಳ್ಳಿಯ ಬಳ್ಳಿ. ಯುದ್ಧದ ವರ್ಷಗಳಲ್ಲಿ ನೂಲು ಸಿಗದೇ ಹೋದಾಗ ಅವಳು ರೈಲು ಹಳಿಯ ಬೇಲಿಗೆ ನೆಟ್ಟ ಕತ್ತಾಳೆ ಕೊಯ್ದು, ಜಜ್ಜಿ, ನೆನೆಹಾಕಿ ನಾರು ತೆಗೆಯುತ್ತಿದ್ದಳು. ಆ ನಾರಿಗೆ ಲೋಳೆಸರದ ಲೋಳೆ ಸವರಿ, ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕಟ್ಟಲು ಕೂತರೆ ಆ ವೇಗಕ್ಕೆ ಬೆರಳು ಕಾಣುತ್ತಿರಲಿಲ್ಲ.

ಒಮ್ಮೆ ಹಳಿ ಕಾಯುವವನು ಅವಳನ್ನು ಹಿಡಿದು, "ರೈಲಿನವರ ಕತ್ತಾಳಿ ಯಾಕ ಕೊಯ್ತೀಬೇ?" ಎಂದು ಗದರಿಸಿದನಂತೆ.

"ನಿನ್ನ ಮಗಳ ಮದುವಿಗಿ ನಾ ಬರಂಗಿಲ್ಲ, ಆವಾಗ ರೈಲಿನವರನ್ನ ಕರದು ದಂಡಿ ಕಟ್ಟಿಸ್ಕೋ" ಅಂದಳಂತೆ ಇವಳು. ಮುಂದಿನ ವರ್ಷ ಅವನ ಮಗಳ ಮದುವೆಗೆ ಇವಳೇ ಕಟ್ಟಿದಳು. ಆ ಕತ್ತಾಳೆಯ ನಾರಿನಲ್ಲೇ.

ಇನ್ನೊಂದು ಪದ್ಧತಿ ಇತ್ತು. ದಂಡೆಯನ್ನು ಪೂರಾ ಕಟ್ಟಿ, ಮದುಮಗಳ ತಲೆಗೆ ಸುತ್ತಿ, ತುರುಬಿನ ಹಿಂದೆ ಎರಡು ತುದಿ ಸೇರಿಸುವ ಹೊತ್ತಿಗೆ ಕೈಬಿಡುತ್ತಿದ್ದಳು. "ಕೊನೀ ಗಂಟು ಮನಿಯವರದು. ಬರ್ರಿ ಯಾರರ ಮುತ್ತೈದೇರು" ಎಂದು ಕರೆಯುವುದು. ಅತ್ತಿಗೆಯೋ, ಚಿಕ್ಕಮ್ಮನೋ ಬಂದು ಗಂಟು ಹಾಕುವುದು. ಎಲ್ಲರಿಗೂ ಅದು ಇಷ್ಟ. ಹೂಗಾರತಿಗೆ ಎಷ್ಟು ಮರ್ಯಾದೆ ಗೊತ್ತು ನೋಡು, ಗಂಟಿನ ಮಾನ ಮನೆಯವರಿಗೆ ಬಿಡುತ್ತಾಳೆ ಅನ್ನುತ್ತಿದ್ದರು.

ನನ್ನ ನಾದಿನಿಯ ಮದುವೆ ಯುದ್ಧದ ನಡುವೆ ಬಂತು. ಅತ್ತೆಯವರ ಮನೆ ದೇವದುರ್ಗ, ಮದುವೆ ಅಲ್ಲೇ. ಬೀಗರು ಮಾನ್ವಿಯವರು, ಸ್ವಲ್ಪ ಠೀವಿಯ ಜನ. ಅವರ ಎದುರು ಕಡಿಮೆ ಆಗಬಾರದೆಂದು ಅತ್ತೆಯವರು ಮದ್ರಾಸ್ ಕಡೆಯ ರೈಲಿನಲ್ಲಿ ರಾಯಚೂರಿಗೆ ಬರುವ ಮಲ್ಲಿಗೆ ಬುಟ್ಟಿಗಳನ್ನು ಹೇಳಿಟ್ಟಿದ್ದರು. ಸ್ಟೇಷನ್ನಿನಿಂದ ಬಸ್ಸಿಗೆ ಹಾಕಿಸಿದರೆ ಸಂಜೆಗೆ ದೇವದುರ್ಗ. ಹೂವಿನವ್ವ ನನ್ನ ಜೊತೆ ಎರಡು ದಿನ ಮೊದಲೇ ಬಂದಿದ್ದಳು. "ರೈಲಿನ ಹೂವಿಗಿ ಈ ಬಿಸಲು ಗೊತ್ತಿಲ್ರಿ" ಎಂದು ಒಂದು ಸಲ ಅಂದಳು, ಮತ್ತೆ ಅನ್ನಲಿಲ್ಲ.

ಆಗ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು, ಬೆನ್ನಿಗೆ ದೊಡ್ಡ ಕೊಳವೆ ಕಟ್ಟಿಕೊಂಡು. ಆ ಬಸ್ಸು ಗಬ್ಬೂರಿನ ಹತ್ತಿರ ನಿಂತೇಬಿಟ್ಟಿತು. ಬುಟ್ಟಿಗಳು ನಮ್ಮ ಕೈಗೆ ಸಿಕ್ಕಿದ್ದು ಮದುವೆಯ ಹಿಂದಿನ ದಿನ ಮಧ್ಯಾಹ್ನ. ತೆಗೆದರೆ ಮಲ್ಲಿಗೆ ಕಂದು ಬಣ್ಣಕ್ಕೆ ತಿರುಗಿ ಕುದಿಸಿದ ಅಕ್ಕಿಯ ಹಾಗೆ ಅಂಟಿಕೊಂಡಿತ್ತು. ಅತ್ತೆಯವರು ಬುಟ್ಟಿಯ ಎದುರು ಕೂತೇಬಿಟ್ಟರು.

"ಏಳ್ರಿ ಯವ್ವಾ, ಹೂವು ಸತ್ರ ಮದುವಿ ಸಾಯಂಗಿಲ್ಲ" ಅಂದಳು ಹೂವಿನವ್ವ. ನನ್ನನ್ನು ಕರೆದುಕೊಂಡು ಊರ ಹಿಂದಿನ ಗುಡ್ಡದ ಕಡೆ ನಡೆದಳು. ನಾನು ಸೆರಗಿನಲ್ಲಿ ತಂಗಡಿ ಹೂ ತುಂಬಿಕೊಂಡೆ. ಅವಳು ಪಾಪಾಸುಕಳ್ಳಿಯ ಹಳದಿ ಹೂವನ್ನು ಕುಡುಗೋಲ ತುದಿಯಿಂದ ಎಬ್ಬಿಸಿ, ಮರಳಲ್ಲಿ ಉರುಳಿಸಿ ಮುಳ್ಳು ಉದುರಿಸಿದಳು. ಬಾವಿಗೋಡೆಯ ಕಾಡುಬಸಳೆ, ಯಾರದೋ ಹಿತ್ತಲ ಲೋಳೆಸರ. ಹಂದರದ ಬಾಗಿಲಿಗೆ ಲೋಳೆಸರದ ಗಿಡಗಳನ್ನೇ ಸಾಲಾಗಿ ತಲೆಕೆಳಗೆ ಕಟ್ಟಿ, ಎರಡು ಗಿಡದ ನಡುವೆ ಒಂದು ಕಳ್ಳಿಹೂವು.

ಮರುದಿನ ನಸುಕಿನಲ್ಲಿ ದಂಡೆಗೆ ಕೂತಾಗ ದುಂಡುಮಲ್ಲಿಗೆ ಒಂದೇ ಬೊಗಸೆ ಸಿಕ್ಕಿತ್ತು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿ, "ನಿಮ್ಮ ಮಡಮ್ಮ ಏನಂತಿದ್ರು ಅಮ್ಮಾರ? ನಡುವ ಜಾಗ ಬಿಡಬೇಕಂತಲ್ಲ? ಇವತ್ತು ಬಿಟ್ಟು ನೋಡೂಣು" ಅಂದಳು. ಹಸಿರು ಎಲೆ, ಖಾಲಿ ನಾರು, ಒಂದು ಬಿಳಿ ಮೊಗ್ಗು, ಮತ್ತೆ ಎಲೆ. ಆ ದಂಡೆಯಷ್ಟು ಚೆಂದದ್ದನ್ನು ನಾನು ಆಮೇಲೆ ನೋಡಿಲ್ಲ. ಕಟ್ಟುವುದನ್ನು ಅವತ್ತೇ ಕೈ ಹಿಡಿದು ನನಗೂ ಕಲಿಸಿದಳು.

ಬೀಗರು ಬಂದವರೇ ಹಂದರದ ಬಾಗಿಲಲ್ಲಿ ನಿಂತರು. ಗಂಡಿನ ತಾಯಿ ಮೂಗಿನ ಮೇಲೆ ಬೆರಳಿಟ್ಟು, "ದೇವದುರ್ಗದಾಗ ಬರಗಾಲ ಬಿದ್ದದೇನ್ರಿ? ಬೇಲಿ ಕಿತ್ತು ತಂದು ಹಂದರಕ್ಕ ಕಟ್ಟೀರಿ" ಅಂದರು.

"ಬೇಲಿ ಇದ್ದಲ್ಲೇ ಬೆಳಿ ಇರ್ತದ್ರಿ ಬೀಗತ್ಯಾರ" ಎಂದು ಹೂವಿನವ್ವ ಒಳಗಿಂದಲೇ ಕೂಗಿದಳು. "ಸಂಜಿತನಾ ತಡೀರಿ. ನಿಮ್ಮ ಕೊಳ್ಳಾನ ಸಂತಿ ಹೂವು ಬಾಡ್ತದ, ನಮ್ಮ ಹುಡುಗಿ ತಲಿಮ್ಯಾಲಿಂದು ಬಾಡಂಗಿಲ್ಲ."

ಹಾಗೇ ಆಯಿತು. ಸಂಜೆ ಆರತಿಯ ಹೊತ್ತಿಗೆ ಬೀಗಿತ್ತಿಯ ಹಾರ ನಾರಾಗಿತ್ತು. ನಾದಿನಿಯ ಹಣೆಯ ಮೇಲೆ ಮೊಗ್ಗುಗಳು ಆಗಷ್ಟೇ ಬಿರಿಯುತ್ತಿದ್ದವು. ಬೀಗಿತ್ತಿ ಹೊರಡುವಾಗ ಒಂದು ಕಾಡುಬಸಳೆ ಎಲೆ ಕೇಳಿ ಸೆರಗಿನಲ್ಲಿ ಕಟ್ಟಿಕೊಂಡರು.

ಆದರೆ ನಾನು ಹೇಳಬೇಕಾದದ್ದು ಅದಲ್ಲ. ಬೆಳಿಗ್ಗೆ ದಂಡೆ ಸುತ್ತಿ ಮುಗಿದಾಗ ಅವಳು ಎಂದಿನಂತೆ ಕೈಬಿಟ್ಟು, "ಅಮ್ಮಾರ, ಕೊನೀ ಗಂಟು ನೀವ ಹಾಕ್ರಿ" ಅಂದಳು.

"ನೀನೇ ಹಾಕವ್ವಾ, ನನ್ನ ಕೈಯಲ್ಲಿ ಬಿಗಿ ಬರುವುದಿಲ್ಲ" ಅಂದೆ ನಾನು. ಮಾತಿಗೆ ಅಂದದ್ದು. ಅವಳ ಎರಡು ಕೈಯನ್ನೂ ಹಿಡಿದು ತುರುಬಿನ ಕಡೆ ತಂದೆ. ಆ ಕೈ ಹಿಂದಕ್ಕೆ ಸರಿದದ್ದು ನನಗೆ ಈಗಲೂ ನೆನಪಿದೆ. ಒಲೆ ಮುಟ್ಟಿದ ಕೈ ಸರಿಯುವ ಹಾಗೆ. ಬಳೆಗಳು ಒಂದಕ್ಕೊಂದು ತಾಗಿ ಸದ್ದಾಯಿತು. ನಾನೇ ಗಂಟು ಹಾಕಿದೆ.

ಮದುವೆಯ ಮೂರನೆಯ ದಿನ ಹೊಸ ಜೋಡಿಯನ್ನು ಕರೆದುಕೊಂಡು ಬಂಡಿ ಕಟ್ಟಿಸಿ ಗೂಗಲ್‌ಗೆ ಹೋದೆವು, ಕೃಷ್ಣೆಯ ದಡದ ಪ್ರಭುವಿನ ಗುಡಿಗೆ ದರ್ಶನಕ್ಕೆ. ಎಲ್ಲರೂ ಗುಡಿಯಲ್ಲಿದ್ದರು. ನಾನು ಕಾಲು ತೊಳೆಯಲು ಕೃಷ್ಣೆಗೆ ಇಳಿದರೆ ಹೂವಿನವ್ವ ಅಲ್ಲಿ ಕೂತಿದ್ದಳು. ಅತ್ತೆಯವರು ಉಡಿಯಲ್ಲಿ ಕೊಟ್ಟ ಕುಂಕುಮದ ಪೊಟ್ಟಣ ಬಿಚ್ಚಿ ನೀರಿಗೆ ಬಿಡುತ್ತಿದ್ದಳು. ಕೆಂಪು ಸ್ವಲ್ಪ ದೂರ ಹೋಗಿ ಕಾಣದಾಯಿತು.

"ನೀರಿಗೆ ಯಾಕೆ ಬಿಟ್ಟೆ ಅವ್ವಾ?"

ಅವಳು ತಿರುಗಿ ನೋಡಲಿಲ್ಲ. "ಅವರು ಇಲ್ರಿ ಅಮ್ಮಾರ. ಆರು ವರ್ಷಾತು" ಅಂದಳು.

ಗಂಡ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋದವನು. ತಿರುಗಿ ಬರುವ ದಾರಿಯಲ್ಲಿ ವಾಂತಿಭೇದಿಯಾಗಿ ಅರ್ಧ ದಿನದಲ್ಲಿ ಹೋದನಂತೆ. ದಾರಿಯ ಬದಿಯಲ್ಲೇ ಮಣ್ಣು ಮಾಡಿದರಂತೆ. ಜೊತೆಗಿದ್ದ ಬೇರೆ ಊರಿನ ಯಾತ್ರಿಕನೊಬ್ಬ ರಾಯಚೂರಿನ ಮೇಲೆ ಹಾದು ಹೋಗುವಾಗ ಅವಳನ್ನು ಹುಡುಕಿ, ಗಂಡನ ಹೂವು ಪೋಣಿಸುವ ಸೂಜಿಯನ್ನು ಕೈಗಿಟ್ಟು ಹೋದ. ಅವಳು ಯಾರಿಗೂ ಹೇಳಲಿಲ್ಲ. ಮೈದುನನಿಗೂ ಹೇಳಲಿಲ್ಲ. ಜನ ಕೇಳಿದಾಗ "ಅಲ್ಲೇ ಉಳದಾರ" ಅಂದಳು. ಅದು ಸುಳ್ಳೂ ಅಲ್ಲ. ಸನ್ಯಾಸಿ ಮಾಡಿದ್ದು ಜನ.

"ಬಳಿ ಒಡದಿದ್ರ ಬಳಿ ಅಷ್ಟ ಒಡೀತಿದ್ವೇನ್ರಿ? ಒಲಿನೂ ಒಡೀತಿತ್ತು. ಯಾರು ಕರೀತಿದ್ರು ನನ್ನ ಮದುವಿಗಿ?" ಅಂದಳು. ಆಮೇಲೆ, "ಆದ್ರ ಒಂದು ಹುಡುಗಿಗೂ ಮೋಸ ಮಾಡಿಲ್ರಿ. ಕೊನೀ ಗಂಟು ಯಾರಿಗೂ ಹಾಕಿಲ್ಲ. ಗಂಟು ಹಾಕಿದವರದ ದಂಡಿ. ನಾ ಬರೇ ಹೂವು ಜೋಡಿಸಿದಾಕಿ."

ಗುಡಿಯಿಂದ ನಗುವ ಸದ್ದು ಬರುತ್ತಿತ್ತು. ಯಾರೋ ನಾದಿನಿಗೆ ಗಂಡನ ಹೆಸರು ಹೇಳಲು ಕಾಡಿಸುತ್ತಿದ್ದರು.

"ನನ್ನದೊಂದು ಮಾತದ" ಅಂದಳು ಹೂವಿನವ್ವ. "ನಾ ಹೋದಾಗ ನನ್ನ ತಲಿಗಿ ದಂಡಿ ಕಟ್ಟಾಕ ಬಿಡಬ್ಯಾಡ್ರಿ. ಅವರಿಗಿ ಅಳಲಿಲ್ಲ, ಬಳಿ ತಗೀಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಹೂವು ಮುಡಕೊಂಡು ಅವರ ಮುಂದ ಹ್ಯಾಂಗ ಹೋಗಿ ನಿಂದರ್ಲಿ? ಬರೇ ತಲೀಲೆ ಹೋಗಬೇಕು."

ನಾನು "ಹೂಂ" ಅಂದೆ. ನನಗೆ ಆಗ ಇಪ್ಪತ್ತಮೂರು. ಸಾವು ಬಹಳ ದೂರದ ಊರಿನ ಹಾಗೆ ಕಾಣುವ ವಯಸ್ಸು. ಹೂಂ ಅನ್ನುವುದು ಸುಲಭವಿತ್ತು.

ಮರುವರ್ಷ ಮಾನ್ವಿಯಲ್ಲಿ ನಾದಿನಿಯ ಗಂಡನಿಗೆ ವಿಷಮಜ್ವರ ಬಂತು. ಇಪ್ಪತ್ತು ದಿನ ಮೈಮೇಲೆ ಎಚ್ಚರವಿರಲಿಲ್ಲ. ಬೀಗಿತ್ತಿ ದೇವದುರ್ಗಕ್ಕೆ ಬಂದು ಪಡಸಾಲೆಯಲ್ಲಿ ಕೂತು, "ದಂಡಿ ಕಟ್ಟಿದ ಕೈ ಎಂಥಾದ್ದಿತ್ತು, ಹೇಳಿಬಿಡ್ರಿ" ಎಂದು ಕೇಳಿದರು. ಆ ದಿನಗಳಲ್ಲಿ ನಾನೂ ಅಲ್ಲೇ ಇದ್ದೆ. ಅತ್ತೆಯವರು ನನ್ನ ಕಡೆ ನೋಡಿದರು. ಹೂವಿನವ್ವ ಆಗ ರಾಯಚೂರಿನಲ್ಲಿ ಯಾರದೋ ಹಿತ್ತಲಲ್ಲಿ ಮೊಗ್ಗು ಬಿಡಿಸುತ್ತಿದ್ದಿರಬೇಕು.

"ಗಂಟು ಹಾಕಿದ್ದು ನಾನು" ಅಂದೆ. ನಿಜವನ್ನೇ ಹೇಳಿದೆ.

ಬೀಗಿತ್ತಿ ನನ್ನ ಕುಂಕುಮ, ತಾಳಿ, ಬಳೆ ಎಲ್ಲ ನೋಡಿ, ಏನೂ ಸಿಗದೆ ಎದ್ದರು. ಹೋಗುವಾಗ ಮಾತ್ರ, "ಇಂಗ್ಲೀಷ್ ಕಲತ ಕೈ ನೋಡ್ರಿ" ಅಂದರು. ಅಳಿಯ ಎದ್ದ. ಈಗ ಎರಡು ಮಕ್ಕಳು. ಆದರೆ ಆ ಇಪ್ಪತ್ತು ದಿನ ಅತ್ತೆಯವರು ನನ್ನ ಕೈಯಿಂದ ದೇವರ ಮುಂದಿನ ದೀಪ ಹಚ್ಚಿಸಲಿಲ್ಲ. ಹೂವಿನವ್ವನಿಗೆ ನಾನು ಇದನ್ನು ಹೇಳಲಿಲ್ಲ. ಹೇಗೋ ತಿಳಿದಿತ್ತು ಅಂತ ಕಾಣುತ್ತದೆ. ಆಮೇಲೆ ನಮ್ಮ ಮನೆಗೆ ಬಂದಾಗೆಲ್ಲ ನನ್ನ ಎರಡು ಅಂಗೈಯನ್ನು ತನ್ನ ಅಂಗೈಯ ನಡುವೆ ಸ್ವಲ್ಪ ಹೊತ್ತು ಇಟ್ಟುಕೊಂಡು ಬಿಡುತ್ತಿದ್ದಳು. ಅವಳ ಕೈಗೆ ಲೋಳೆಸರದ ಕಹಿ ವಾಸನೆ ಇತ್ತು.

ಯುದ್ಧ ಮುಗಿದು ಒಂದು ಬೇಸಿಗೆ ಕಳೆದಿತ್ತು. ನಾನು ಅವತ್ತು ಬೆಳಿಗ್ಗೆ ಅನ್ನಕ್ಕೆ ಅಕ್ಕಿ ತೊಳೆದಿಟ್ಟು, ಹಿತ್ತಲ ದುಂಡುಮಲ್ಲಿಗೆ ಬಿಡಿಸಿಕೊಂಡೆ. ದಾರಿಯಲ್ಲಿ ಕೋಟೆಗೋಡೆಯ ಬುಡದ ತಂಗಡಿ, ಬೇವಿನ ಕೊಂಬೆಯೊಂದರ ಹೂವು. ಅವಳ ಮನೆ ಒಂದೇ ಕೋಣೆ. ಹಿಂದೆ ಒಡೆದ ಮಡಕೆಯೊಂದರಲ್ಲಿ ಕಾಡುಬಸಳೆ ಇತ್ತು. ಉದುರಿದ ಎಲೆಗಳ ಅಂಚಿನಿಂದ ಸಣ್ಣ ಸಣ್ಣ ಮರಿಗಿಡಗಳು ಎದ್ದಿದ್ದವು. ಇನ್ನೊಂದು ಮಡಕೆಯಲ್ಲಿ ಕತ್ತಾಳೆಯ ನಾರು ನೆನೆದಿತ್ತು. ಆ ವಾರ ಎರಡು ಮದುವೆ ಹಿಡಿದಿದ್ದಳಂತೆ.

ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ನೀಲಮ್ಮ ಮತ್ತು ಓಣಿಯ ಹೆಂಗಸರು ಹಸಿರು ಸೀರೆ ಉಡಿಸಿ, ಬಳೆ ಇದ್ದ ಕೈಗೆ ಇನ್ನಷ್ಟು ಬಳೆ ತೊಡಿಸಿದ್ದರು. ಹಣೆಯ ಮೇಲೆ ಕಾಸಿನಗಲ ಕುಂಕುಮ. ಸಾಸಿವೆಯಷ್ಟರ ಜಾಗದಲ್ಲಿ ಅಷ್ಟು ದೊಡ್ಡದು. ನಾನು ಅದನ್ನು ಬಹಳ ಹೊತ್ತು ನೋಡಿದೆ.

ಒಂದು ಮಾತು ಹೇಳಿಬಿಡಬಹುದಿತ್ತು. ಇವಳು ಮುತ್ತೈದೆಯಲ್ಲ, ದಂಡೆ ಬೇಡ ಅಂದಿದ್ದಳು ಎಂದು. ಆಗ ಅವಳು ಬಯಸಿದ ಹಾಗೆ ಬರೀ ತಲೆಯಲ್ಲಿ ಹೋಗುತ್ತಿದ್ದಳು. ಆದರೆ ಆ ಕೋಣೆಯಲ್ಲಿ ಕೂತ ಹೆಂಗಸರಲ್ಲಿ ಐದು ಜನರ ಮದುವೆಗೆ ಅವಳೇ ಕಟ್ಟಿದ್ದಳು. ಇಬ್ಬರು ತಮ್ಮ ಹೆಣ್ಣುಮಕ್ಕಳಿಗೆ ಕಟ್ಟಿಸಿದ್ದರು. ಅವಳ ದಂಡೆಯನ್ನೇ ಮುಡಿದಿದ್ದ ನೀಲಮ್ಮನ ತಂಗಿಯ ಗಂಡ ಎರಡು ವರ್ಷದ ಹಿಂದೆ ತೀರಿಕೊಂಡಿದ್ದ. ಆ ಮಾತು ಬಾಗಿಲು ದಾಟಿದರೆ ಗೂಗಲ್ಲಿನ ಆಚೆ ದಡದವರೆಗೂ ಹೋಗುತ್ತಿತ್ತು, ಮಾನ್ವಿಗೂ ಹೋಗುತ್ತಿತ್ತು. ಸತ್ತವಳಿಗೆ ಮಣ್ಣಿನ ಬದಲು ಬೈಗುಳ ಬೀಳುತ್ತಿತ್ತು.

ನಾನು ಬಾಗಿಲ ಬದಿಗೆ ಕೂತು, ನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡೆ. ಲೋಳೆ ಸವರಿದೆ. ನಾಲ್ಕು ಹೂವು, ಒಂದು ಎಲೆ. ನಡುವೆ ಜಾಗ. ಕೈ ತಾನಾಗಿಯೇ ನಡೆಯುತ್ತಿತ್ತು. ಹೊರಗೆ ಅವಳ ಮೈದುನ ಹೆಣ ಕೂರಿಸಿ ಒಯ್ಯುವ ವಿಮಾನಕ್ಕೆ ಬಿದಿರು ಕಟ್ಟಿಸುತ್ತ, ಉದ್ದ ಕಡಿಮೆಯಾಯಿತೆಂದು ಯಾರನ್ನೋ ಬೈಯುತ್ತಿದ್ದ.

ಕಟ್ಟಿ ಮುಗಿಸಿ ಅವಳ ಹಿಂದೆ ಮೊಣಕಾಲೂರಿ ಕೂತು ಸುತ್ತಿದೆ. ಕೂದಲು ತಣ್ಣಗಿತ್ತು, ನೀರು ಹಾಕಿದ್ದು ಆರಿರಲಿಲ್ಲ. ಎರಡು ತುದಿ ತುರುಬಿನ ಹಿಂದೆ ಬಂದು ಸೇರಿದವು. ನನ್ನ ಗಂಡ ಕಚೇರಿಯಲ್ಲಿದ್ದರು, ಗುಂಡಿ ಹೊಲಿದ ಶೇರ್ವಾನಿ ತೊಟ್ಟು. ಗಂಟು ಹಾಕಲು ನನಗೆ ಯಾವ ಅಡ್ಡಿಯೂ ಇರಲಿಲ್ಲ.

ನಾನು ಗಂಟು ಹಾಕಲಿಲ್ಲ. ತುದಿಗಳನ್ನು ಮಡಚಿ ಒಂದು ಕಾಡುಬಸಳೆ ಎಲೆಯ ಕೆಳಗೆ ಸಿಕ್ಕಿಸಿದೆ.

"ಮುಗೀತೇನ್ರಿ ಅಕ್ಕಾರ?" ನೀಲಮ್ಮ ಕೇಳಿದಳು.

"ಮುಗಿಯಿತು" ಅಂದೆ.

ಅವಳನ್ನು ವಿಮಾನದಲ್ಲಿ ಕೂರಿಸಿ ಎತ್ತಿದಾಗ ದಂಡೆ ಹಣೆಯ ಮೇಲೆ ಸರಿಯಾಗಿ ಕೂತಿತ್ತು. ಚೆಂದ ಕಾಣುತ್ತಿತ್ತು. ಓಣಿಯ ತಿರುವಿನವರೆಗೆ ನೋಡಿ ಮನೆಗೆ ಬಂದೆ. ಸ್ನಾನ ಮಾಡಿದೆ. ತೊಳೆದಿಟ್ಟ ಅಕ್ಕಿ ನೀರು ಕುಡಿದು ಒಡೆದಿತ್ತು, ಅದನ್ನೇ ಬೇಯಿಸಿದೆ. ನಮ್ಮವರು ಬಂದು ಉಂಡು, ಅನ್ನ ಮುದ್ದೆಯಾಗಿದೆ ಅಂದರು. ಹೂಂ ಅಂದೆ. ಮಧ್ಯಾಹ್ನ ಹಂಚಿನ ಸಂದಿಯ ಬಿಸಿಲು ನೆಲದ ಮೇಲೆ ಗೋಡೆಯಿಂದ ಗೋಡೆಗೆ ಹೋಗುವುದನ್ನು ನೋಡುತ್ತ ಮಲಗಿದ್ದೆ. ಉಗುರಿನ ಸಂದಿಯಲ್ಲಿ ಲೋಳೆಯ ವಾಸನೆ ಹೋಗಿರಲಿಲ್ಲ. ಕೊಟ್ಟ ಮಾತು ಉಳಿಸಿದೆನೋ, ಮುರಿದೆನೋ ತಿಳಿಯಲಿಲ್ಲ. ತಿಳಿದುಕೊಳ್ಳಬೇಕೆಂದೂ ಅನ್ನಿಸಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ನೀಲಮ್ಮ ಹಿತ್ತಾಳೆ ಬಟ್ಟಲು ಹಿಡಿದು ಬಂದಳು. ನಮ್ಮದೇ ಹೆಪ್ಪಿನ ಮೊಸರು, ಬಟ್ಟಲು ಖಾಲಿ ಬರಬಾರದೆಂದು ಎರಡು ಚಮಚ ತಂದಿದ್ದಳು. ಹೊಸ್ತಿಲ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡಳು. ಸೆಖೆಯ ಮಾತಾಡಿದಳು, ಸಕ್ಕರೆ ಸಿಗದ ಮಾತಾಡಿದಳು. ಏಳುವಾಗ ನೆನಪಾಗಿ, ಅರ್ಧ ನಗುತ್ತ ಅಂದಳು:

"ಅಲ್ರೀ ಅಕ್ಕಾರ, ಕಾನ್ವೆಂಟಿನ್ಯಾಗ ಏನೇನೋ ಕಲತೀರಿ, ಒಂದು ಗಂಟು ಗಟ್ಟಿ ಹಾಕಾಕ ಕಲಿಸಲಿಲ್ಲೇನ್ರಿ ಆ ಮಡಮ್ಮಗಳು? ನಮ್ಮವರು ಮಣ್ಣಿಗಿ ಹೋಗಿದ್ರಲ್ಲ, ಹೇಳಿದ್ರು. ದಂಡಿ ಬಿಚ್ಚಿ ದಾರಿತುಂಬ ಹೂವು ಉದರಿದ್ವಂತ. ಕುಣಿಯಾಗ ಇಳಸೂಮುಂದ ನೋಡಿದ್ರ, ಪಾಪ, ಆಕಿ ತಲಿ ಬರೇದ ಇತ್ತಂತ."